ಮೂರು ಸ್ವಂತದ್ದು, ಎರಡು ಕಡ ತಂದಿದ್ದು: ಡೆತ್ ಮೆಟಲ್ ಇಪಿಗಳಲ್ಲಿ ಯಾವುದನ್ನು ಮೊದಲು ಕೇಳಬೇಕು?

ಸಂಕ್ರಾಂತಿ ಕಳೆದ ವಾರ ಮಂಡ್ಯದಿಂದ ನಮ್ಮ ಚಿಕ್ಕಪ್ಪನ ಮಗ ಮೈಸೂರಿಗೆ ಬಂದಿದ್ದ. ಡಿಪ್ಲೊಮಾ ಕೊನೆ ವರ್ಷದ ಹುಡುಗ. ಇಷ್ಟು ದಿನ ಮೆಟಾಲಿಕಾ, ಐರನ್ ಮೇಡನ್ ಅಂತಿದ್ದವನಿಗೆ ಈಗ ಡೆತ್ ಮೆಟಲ್ ಹುಚ್ಚು ಹತ್ತಿದೆ, ಗುರುಗುಟ್ಟುವ ದನಿಯ ಅಬ್ಬರದ ಹೆವಿ ಮೆಟಲ್ ಅದು. ಫೋನು ತೆಗೆದು ಯಾವುದೋ ಬ್ಯಾಂಡಿನ ಹೊಸ ಇಪಿ ತೋರಿಸಿದ. ಐದೇ ಹಾಡು, ಅದರಲ್ಲಿ ಎರಡು ಕವರ್. "ಅಣ್ಣ, ಇದುಕ್ಕೆ ದುಡ್ಡು ಹಾಕ್ಲಾ ಬ್ಯಾಡ್ವಾ? ಎಲ್ಡು ಹಾಡು ಬ್ಯಾರೆಯವರ್ದಂತೆ ಕಣಣ್ಣ" ಅಂದ.

ಹಿತಕಿದ ಬೇಳೆಗೆ ಅವರೆಕಾಳು ಹಿಸುಕುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆ ಕೇಳಿದರು: "ಕವರ್ ಅಂದ್ರೆ ಗಣೇಶನ ಹಬ್ಬದಲ್ಲಿ ಆರ್ಕೆಸ್ಟ್ರಾದವರು ಹಾಡ್ತಾರಲ್ಲ, ಹಂಗೇನಪ್ಪ?"

ಹೌದು ಅನ್ನೋಕೆ ಬಾಯಿ ತೆರೆದೆ. ಆಮೇಲೆ ಯೋಚಿಸಿದರೆ ಅರ್ಧ ಮಾತ್ರ ಹೌದು.

ಆರ್ಕೆಸ್ಟ್ರಾದವರ ಕೆಲಸ ಸಿನಿಮಾ ಹಾಡನ್ನು ಇದ್ದ ಹಾಗೇ ಹಾಡುವುದು. ದನಿ ಎಷ್ಟು ಹತ್ತಿರ ಬರುತ್ತೋ ಅಷ್ಟು ಶಿಳ್ಳೆ. ಆದರೆ ಮಂಡ್ಯ ಕಡೆ ಹಳ್ಳಿಗಳಲ್ಲಿ ಇನ್ನೊಂದು ಇದೆ, ಕುರುಕ್ಷೇತ್ರ ನಾಟಕ. ಕಥೆ ಎಲ್ಲರಿಗೂ ಗೊತ್ತು, ಕಂದಪದ್ಯ ಗೊತ್ತು, ಮಟ್ಟು ಗೊತ್ತು, ಹಾರ್ಮೋನಿಯಂ ಮೇಷ್ಟ್ರು ಹೋದ ವರ್ಷ ಪಕ್ಕದೂರಿನಲ್ಲಿ ಕಲಿಸಿದವರೇ. ಆದರೂ ಜನ ಕಂಬಳಿ ಹೊದ್ದುಕೊಂಡು ಬೆಳಗಿನ ಜಾವದವರೆಗೆ ಕೂರುತ್ತಾರೆ. ಈ ಸಲ ದುರ್ಯೋಧನ ಯಾರು, ಆ ಪದ್ಯವನ್ನು ಅವನು ಎಲ್ಲಿ ಎಳೆಯುತ್ತಾನೆ, ಎಲ್ಲಿ ನಿಲ್ಲಿಸುತ್ತಾನೆ ಅಂತ ನೋಡೋಕೆ. ಒಳ್ಳೆ ಕವರ್ ಅಂದ್ರೆ ನನಗೆ ಇದು. ಹಾಡು ಹಳೆಯದೇ, ಪಾತ್ರಧಾರಿ ಬೇರೆ.

ಹಾಗಾಗಿ ಕವರ್ ಇರುವ ಇಪಿ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ. ಇದು ಆರ್ಕೆಸ್ಟ್ರಾನಾ, ನಾಟಕನಾ? ಕೆಳಗೆ ಹೇಳುವ ಡಿಸ್ಕುಗಳನ್ನೆಲ್ಲ ಈ ಒಂದು ತಕ್ಕಡಿಯಲ್ಲೇ ಇಟ್ಟಿದ್ದೇನೆ. ಹೆಚ್ಚಿನವು ಹಳೆಯವು, ಯಾಕಂದ್ರೆ ಹೊಸದನ್ನು ಅಳೆಯೋಕೂ ಇವೇ ಬಟ್ಟು.

ಇಪಿ ಅಂದ್ರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಎಕ್ಸ್‌ಟೆಂಡೆಡ್ ಪ್ಲೇ. ಸಿಂಗಲ್‌ಗಿಂತ ದೊಡ್ಡದು, ಆಲ್ಬಮ್‌ಗಿಂತ ಚಿಕ್ಕದು, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಮೂವತ್ತು ನಿಮಿಷ. ನಮ್ಮ ಹುಡುಗನಿಗೆ ರೈಲಿನ ಲೆಕ್ಕದಲ್ಲಿ ಹೇಳಿದೆ. ಮೈಸೂರು ಸ್ಟೇಷನ್ ಬಿಟ್ಟಾಗ ಹಾಕಿದರೆ ಕೆಲವು ನಾಗನಹಳ್ಳಿ ದಾಟುವಷ್ಟರಲ್ಲಿ ಮುಗಿಯುತ್ತವೆ, ಕೆಲವು ಶ್ರೀರಂಗಪಟ್ಟಣದ ಸೇತುವೆ ಹತ್ತಿರ, ಉದ್ದದ್ದು ಪಾಂಡವಪುರದವರೆಗೆ ಬರುತ್ತೆ. ಪೂರ್ತಿ ಆಲ್ಬಮ್ ಆದರೆ ಮಂಡ್ಯದಲ್ಲಿ ಇಳಿಯುವಾಗ ಇನ್ನೂ ಒಂದು ಹಾಡು ಬಾಕಿ. ರೈಲು ಸಿಗ್ನಲ್‌ನಲ್ಲಿ ನಿಂತರೆ ಈ ಲೆಕ್ಕ ಕೆಡುತ್ತೆ, ಅದು ಬೇರೆ ವಿಷಯ.

ಮೊದಲನೆಯದು, ಮತ್ತು ಹೊಸಬರಿಗೆ ನಾನು ಕೈಗೆ ಕೊಡುವುದು, ಕ್ಯಾನಿಬಲ್ ಕಾರ್ಪ್ಸ್ ಬ್ಯಾಂಡಿನ 1993ರ ಇಪಿ 'ಹ್ಯಾಮರ್ ಸ್ಮ್ಯಾಶ್ಡ್ ಫೇಸ್'. ಇವರು ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನವರು, ಆಮೇಲೆ ಫ್ಲೋರಿಡಾದ ಟ್ಯಾಂಪಾಕ್ಕೆ ಹೋಗಿ ನೆಲೆಸಿದರು. ಆ ಕಾಲಕ್ಕೆ ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋ, ಅಲ್ಲಿ ರೆಕಾರ್ಡಿಂಗ್ ಮಾಡುತ್ತಾ ಕೂತಿದ್ದ ಸ್ಕಾಟ್ ಬರ್ನ್ಸ್ ಅಂದರೆ ಡೆತ್ ಮೆಟಲ್‌ನವರಿಗೆ ತವರುಮನೆ ಇದ್ದ ಹಾಗೆ. ಇಪಿಯಲ್ಲಿ ಐದು ಹಾಡು. ಹೆಸರಿನ ಹಾಡು, ಅಂದರೆ ಇಪಿಯ ಹೆಸರನ್ನೇ ಹೊತ್ತದ್ದು, 1992ರ ಆಲ್ಬಮ್‌ನಿಂದ ಬಂದದ್ದು. ಕೊನೆಯ ಎರಡರಲ್ಲಿ ಒಂದು 1991ರ ಆಲ್ಬಮ್‌ದು, ಇನ್ನೊಂದು 1990ರ ಮೊದಲ ಆಲ್ಬಮ್‌ದು. ಅಂದರೆ ಅವರ ಮೊದಲ ಮೂರು ಆಲ್ಬಮ್‌ಗಳಿಂದ ಒಂದೊಂದು ತುತ್ತು ತಟ್ಟೆಗೆ ಬಿದ್ದಂತಾಯಿತು. ನಡುವಿನ ಎರಡು ಕವರ್.

ಈ ನಡುವಿನ ಎರಡೇ ಇಲ್ಲಿನ ಮಜಾ. ಒಂದು ಪೊಸೆಸ್ಡ್ ಬ್ಯಾಂಡಿನ 'ದಿ ಎಕ್ಸಾರ್ಸಿಸ್ಟ್'. ಪೊಸೆಸ್ಡ್‌ನವರು ಕ್ಯಾಲಿಫೋರ್ನಿಯಾದ ಹುಡುಗರು, 1985ರಲ್ಲಿ 'ಸೆವೆನ್ ಚರ್ಚಸ್' ತಂದರು. ಅದರ ಮೊದಲ ಹಾಡು ಇದು. ಕೊನೆಯ ಹಾಡಿನ ಹೆಸರು ಏನು ಗೊತ್ತಾ? 'ಡೆತ್ ಮೆಟಲ್'. ಹಾಗಾಗಿ ಇದು ಮನೆಯ ಹಿರಿಯರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದ ಹಾಗೆ. ಚೆನ್ನಾಗಿದೆ, ಬಿಗಿಯಾಗಿದೆ, ಆದರೆ ನನ್ನ ಲೆಕ್ಕದಲ್ಲಿ ಆರ್ಕೆಸ್ಟ್ರಾ ಕಡೆಗೆ ವಾಲುತ್ತೆ.

ಇನ್ನೊಂದು ಇಂಗ್ಲೆಂಡಿನ ಹಳೆಯ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ 'ಜೀರೋ ದ ಹೀರೋ'. ಇದು ನಾಟಕ. 1983ರ 'ಬಾರ್ನ್ ಅಗೇನ್' ಆಲ್ಬಮ್‌ನ ಹಾಡು, ಏಳು ನಿಮಿಷಕ್ಕೂ ಜಾಸ್ತಿ. ಆ ಒಂದು ಆಲ್ಬಮ್‌ಗೆ ಮಾತ್ರ ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಬಂದು ಹಾಡಿದ್ದರು. ಮಿಕ್ಸಿಂಗ್ ಮಸುಕು ಅಂತ ಸಬ್ಬತ್ ಅಭಿಮಾನಿಗಳೇ ಇವತ್ತಿಗೂ ಗೊಣಗುತ್ತಾರೆ, ಗೋಣಿಚೀಲದೊಳಗೆ ಸ್ಪೀಕರ್ ಇಟ್ಟ ಹಾಗಿದೆ. ಅದರಲ್ಲಿ ಗಿಲನ್ ಪಟಪಟ ಅಂತ ಮಾತಾಡಿದ ಹಾಗೆ ಹಾಡುತ್ತಾರೆ, ಕೆಳಗೆ ಗಿಟಾರಿನ ಒಂದೇ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸ್ವರದ ತುಂಡು, ಗಾಣದ ಎತ್ತಿನ ಥರ ಸುತ್ತುತ್ತಾ ಇರುತ್ತೆ. ಕ್ಯಾನಿಬಲ್ ಕಾರ್ಪ್ಸ್‌ನವರು ಆ ರಿಫ್ಫನ್ನು ಮುಟ್ಟಲಿಲ್ಲ. ಚೀಲ ಬಿಚ್ಚಿದರು ಅಷ್ಟೇ. ಮೇಲೆ ಗಾಯಕ ಕ್ರಿಸ್ ಬಾರ್ನ್ಸ್ ಅವರ ದನಿ, ಬಾವಿಯ ತಳದಿಂದ ಬರುವಂಥದ್ದು. ಸದಾ ಓಡುವ ಬ್ಯಾಂಡ್ ಇಲ್ಲಿ ಆರು ನಿಮಿಷಕ್ಕೂ ಮೇಲೆ ನಿಧಾನವಾಗಿ ನಡೆಯುತ್ತೆ, ಆಗ ನಿಮಗೆ ಬೇಸ್ ಕೇಳಿಸುತ್ತೆ, ಡ್ರಮ್ಮಿನ ತೂಕ ಗೊತ್ತಾಗುತ್ತೆ, ಇವರಿಗೆ ಬರೀ ವೇಗ ಅಲ್ಲ ಇನ್ನೂ ಏನೋ ಬರುತ್ತೆ ಅನ್ನಿಸುತ್ತೆ. ನಾನು ಡೆತ್ ಮೆಟಲ್ ಒಪ್ಪಿಕೊಂಡಿದ್ದೇ ಈ ಹಾಡಿನಿಂದ. ಇಲ್ಲದಿದ್ದರೆ ಹೆಸರಿನ ಹಾಡು ಕೇಳಿಯೇ ಓಡಿಹೋಗುತ್ತಿದ್ದೆ.

ಒಂದು ಎಚ್ಚರಿಕೆ. ಇವರ ಸಾಹಿತ್ಯ ಪೂರ್ತಿ ರಕ್ತ, ಮಾಂಸ, ಕೊಲೆ. ಕಸಾಯಿಖಾನೆಯ ಗೋಡೆ ಇದ್ದ ಹಾಗೆ. ಮುಖಪುಟದ ಚಿತ್ರಗಳೂ ಹಾಗೇ, ಅಮ್ಮನ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳಬೇಕು. ಏನು ಹಾಡುತ್ತಿದ್ದಾರೆ ಅನ್ನುವುದು ನೂರಕ್ಕೆ ತೊಂಬತ್ತು ಭಾಗ ಅರ್ಥ ಆಗುವುದಿಲ್ಲ, ಅದೊಂದು ಪುಣ್ಯ. ಇದೇ ಬ್ಯಾಂಡು 1994ರ ಒಂದು ಹಾಲಿವುಡ್ ಕಾಮಿಡಿ ಸಿನಿಮಾದಲ್ಲಿ, ಜಿಮ್ ಕ್ಯಾರಿ ಮುಂದೆ, ಇದೇ ಹೆಸರಿನ ಹಾಡನ್ನು ನುಡಿಸಿದೆ ಅಂದರೆ ನಮ್ಮ ಹುಡುಗ ನಂಬಲಿಲ್ಲ. ಹುಡುಕಿ ತೋರಿಸಿದೆ. ಅಮ್ಮನೂ ಬಗ್ಗಿ ನೋಡಿ ನಕ್ಕರು.

ಹತ್ತು ವರ್ಷ ಬಿಟ್ಟು, 2003ರಲ್ಲಿ, ಇವರದೇ ಇನ್ನೊಂದು ಇಪಿ ಬಂತು, 'ವರ್ಮ್ ಇನ್‌ಫೆಸ್ಟೆಡ್'. ಅಷ್ಟರಲ್ಲಿ ಬಾರ್ನ್ಸ್ ಹೋಗಿ ಜಾರ್ಜ್ ಫಿಶರ್ ಬಂದಿದ್ದರು. 'ಕಾರ್ಪ್ಸ್‌ಗ್ರೈಂಡರ್' ಅನ್ನುವ ಅಡ್ಡಹೆಸರು ಅಂದರೆ ಎಲ್ಲರಿಗೂ ಗೊತ್ತು, ಕುತ್ತಿಗೆ ತೊಡೆಯಷ್ಟು ದಪ್ಪ. ಇಲ್ಲಿ ಮೂರು ಕವರ್. ಆಕ್ಸೆಪ್ಟ್‌ನ 'ಡೀಮನ್ಸ್ ನೈಟ್', 1982ರದ್ದು. ಮೆಟಾಲಿಕಾದ 'ನೋ ರಿಮೋರ್ಸ್', 1983ರ ಮೊದಲ ಆಲ್ಬಮ್‌ದು. ಮತ್ತೆ ಪೊಸೆಸ್ಡ್‌ನ 'ಕನ್ಫೆಷನ್ಸ್'. ಈ ಕೊನೆಯದಕ್ಕೆ ಒಂದು ಚಿಕ್ಕ ಕಥೆ ಇದೆ. ಅದರ ಮೂಲವೂ ಒಂದು ಇಪಿಯೇ, 1987ರ 'ದಿ ಐಸ್ ಆಫ್ ಹಾರರ್'. ಅದನ್ನು ಪ್ರೊಡ್ಯೂಸ್ ಮಾಡಿದ್ದು ಯಾರು ಅಂದರೆ ಗಿಟಾರ್ ಮಾಂತ್ರಿಕ ಜೋ ಸಾಟ್ರಿಯಾನಿ, ಪೊಸೆಸ್ಡ್‌ನ ಗಿಟಾರ್ ಹುಡುಗ ಅವರ ಶಿಷ್ಯ. ಗುರು ಶಿಷ್ಯ ಪರಂಪರೆ ಎಲ್ಲಿ ಹೋಗಿ ಕೂತಿದೆ ನೋಡಿ.

ಎರಡರಲ್ಲಿ ಯಾವುದು? ನುಡಿಸಾಣಿಕೆ 2003ರದ್ದೇ ಮೇಲು. ರೆಕಾರ್ಡಿಂಗ್ ಶುಚಿ. ಮೊದಲ ಆಲ್ಬಮ್‌ನ ಒಂದು ಹಾಡನ್ನು ಹೊಸದಾಗಿ ನುಡಿಸಿದ್ದಾರೆ, ಹಳೆಯದರ ಪಕ್ಕ ಇಟ್ಟು ಕೇಳಿದರೆ ಹುಡುಗರು ಗಂಡಸರಾಗಿದ್ದು ಗೊತ್ತಾಗುತ್ತೆ. ಆದರೆ ಇಡೀ ಡಿಸ್ಕು ಅಲ್ಲಿ ಇಲ್ಲಿ ಉಳಿದದ್ದನ್ನು ಸೇರಿಸಿ ಕಟ್ಟಿದ ಬುತ್ತಿ ಅನ್ನಿಸುತ್ತೆ. ಮೆಟಾಲಿಕಾದಿಂದ ಬರುತ್ತಿರುವವರು ಇದನ್ನು ಹಿಡಿಯಿರಿ, ಗೊತ್ತಿರುವ ಹಾಡೊಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತೆ. ಉಳಿದವರಿಗೆ 1993ರದ್ದು.

ಈಗ ಸ್ವೀಡನ್‌ಗೆ ಬನ್ನಿ. ಇಲ್ಲಿ ನನ್ನದೊಂದು ಪೆದ್ದುತನ ಹೇಳಬೇಕು.

ಕಾಲೇಜು ದಿನಗಳಲ್ಲಿ ನಮಗೆಲ್ಲ ಸಂಗೀತ ಬರುತ್ತಿದ್ದುದು ಎಂಪಿತ್ರೀ ತುಂಬಿದ ಸಿಡಿಗಳಲ್ಲಿ. ಒಬ್ಬ ತಂದರೆ ಹತ್ತು ಜನ ಕಾಪಿ. ಹಾಗೆ ಸಿಕ್ಕ ಒಂದರಲ್ಲಿ 'ಗಾಡ್ ಆಫ್ ಥಂಡರ್ - ಎಂಟೂಂಬ್ಡ್' ಅಂತ ಫೈಲ್ ಇತ್ತು. ಎಂಟೂಂಬ್ಡ್ ಅಂದರೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಬ್ಯಾಂಡು. ಮೂರ್ನಾಲ್ಕು ವರ್ಷ ಅದನ್ನೇ ಕೇಳಿದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಸ್ನೇಹಿತರಿಗೆ ಎಂಟೂಂಬ್ಡ್ ದನಿಯ ಬಗ್ಗೆ ಭಾಷಣ ಬೇರೆ. ಆಮೇಲೆ ಒಂದು ದಿನ ನಿಜವಾದ ಎಂಟೂಂಬ್ಡ್ ಡಿಸ್ಕು ಕೇಳಿದರೆ ಅದೇ ಹಾಡು, ಆದರೆ ದನಿಯೇ ಬೇರೆ! ನನ್ನ ಹತ್ತಿರ ಇದ್ದದ್ದು 'ಡೆತ್' ಅನ್ನುವ ಹೆಸರಿನ ಅಮೆರಿಕದ ಬ್ಯಾಂಡಿನದ್ದು. ಯಾರೋ ಹೆಸರು ತಪ್ಪು ಹಾಕಿದ್ದರು. ಭಾಷಣ ಕೇಳಿದ ಸ್ನೇಹಿತರು ಈಗಲೂ ಆಡಿಕೊಳ್ಳುತ್ತಾರೆ.

ಆದರೆ ಆ ತಪ್ಪಿನಿಂದ ಒಂದು ಲಾಭ ಆಯಿತು. ಒಂದೇ ಹಾಡು, ಎರಡು ಡೆತ್ ಮೆಟಲ್ ಬ್ಯಾಂಡ್, ಪಕ್ಕಪಕ್ಕ. ಮೂಲ ಕಿಸ್ ಬ್ಯಾಂಡಿನದ್ದು, 1976ರ 'ಡೆಸ್ಟ್ರಾಯರ್' ಆಲ್ಬಮ್‌ನಲ್ಲಿ. ಬರೆದದ್ದು ಪಾಲ್ ಸ್ಟ್ಯಾನ್ಲಿ, ಹಾಡಿದ್ದು ಜೀನ್ ಸಿಮನ್ಸ್. ಮುಖಕ್ಕೆ ಬಣ್ಣ ಬಳಿದುಕೊಂಡು ರಕ್ತ ಉಗುಳುವ ಸಿಮನ್ಸ್, ನಮ್ಮ ಬಯಲಾಟದ ರಕ್ಕಸನಿಗೆ ಏನೂ ಕಡಿಮೆ ಇಲ್ಲ. ಡೆತ್‌ನವರು ಇದನ್ನು 1991ರ 'ಹ್ಯೂಮನ್' ಆಲ್ಬಮ್‌ನ ಜಪಾನ್ ಆವೃತ್ತಿಗೆ ಬೋನಸ್ ಆಗಿ ಕೊಟ್ಟರು. ಜಪಾನಿನಲ್ಲಿ ಹೊರಗಿನಿಂದ ಬಂದ ಸಿಡಿ ಅಲ್ಲಿಯದಕ್ಕಿಂತ ಅಗ್ಗ ಸಿಗುತ್ತಿತ್ತು, ಅದಕ್ಕೇ ಅಲ್ಲಿನ ಕಂಪನಿಗಳು ಜನ ತಮ್ಮದನ್ನೇ ಕೊಳ್ಳಲಿ ಅಂತ ಒಂದು ಹಾಡು ಜಾಸ್ತಿ ಕೇಳಿ ಪಡೆಯುತ್ತಿದ್ದವು. ತರಕಾರಿ ಜೊತೆ ಕೊಸರು ಕೊತ್ತಂಬರಿ ಇದ್ದ ಹಾಗೆ. ಎಷ್ಟೋ ಒಳ್ಳೆ ಕವರ್‌ಗಳು ಹೀಗೆ ಕೊಸರಾಗಿ ಬಂದವು.

ಎಂಟೂಂಬ್ಡ್ ಇದನ್ನು 'ಔಟ್ ಆಫ್ ಹ್ಯಾಂಡ್' ಅನ್ನುವ ಪುಟ್ಟ ಡಿಸ್ಕಿನಲ್ಲಿ ಹಾಕಿದ್ದಾರೆ. ಮೂರೇ ಹಾಡು, ನಾಗನಹಳ್ಳಿ ಲೆಕ್ಕ. ಹೆಸರಿನ ಹಾಡು 1993ರ 'ವುಲ್ವರೀನ್ ಬ್ಲೂಸ್' ಆಲ್ಬಮ್‌ದು. ಜೊತೆಗೆ ಕಿಸ್‌ನ ಈ ಹಾಡು, ಮತ್ತೆ ಅಮೆರಿಕದ ರಿಪಲ್ಶನ್ ಬ್ಯಾಂಡಿನ 'ಬ್ಲ್ಯಾಕ್ ಬ್ರೆತ್'. ಸ್ಟಾಕ್‌ಹೋಮ್‌ನವರ ಗಿಟಾರ್ ಸದ್ದಿಗೆ ಒಂದು ಗುಟ್ಟಿದೆ, ಬಾಸ್ ಕಂಪನಿಯ ಎಚ್‌ಎಂ-2 ಅನ್ನುವ ಪೆಡಲ್, ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆ. ಅದರ ನಾಲ್ಕೂ ತಿರುಪು ಪೂರ್ತಿ ಬಲಕ್ಕೆ ತಿರುಗಿಸಿಟ್ಟರೆ ಮರ ಕೊಯ್ಯುವ ಮಿಷನ್ನಿನ ಸದ್ದು ಬರುತ್ತೆ. ಟೊಮಾಸ್ ಸ್ಕೋಗ್ಸ್‌ಬರ್ಗ್ ಅವರ ಸನ್‌ಲೈಟ್ ಸ್ಟುಡಿಯೋದಲ್ಲಿ, 1990ರ 'ಲೆಫ್ಟ್ ಹ್ಯಾಂಡ್ ಪಾಥ್' ಆಲ್ಬಮ್‌ನಲ್ಲಿ, ಇವರು ಅದನ್ನು ಜಗತ್ತಿಗೆ ಕೇಳಿಸಿದರು. ಆ ಸದ್ದಿನಲ್ಲಿ ಕಿಸ್‌ನ ಹಾಡು! ಡೆತ್‌ನಲ್ಲಿ ಚಕ್ ಶುಲ್ಡಿನರ್ ಸೀಳು ದನಿಯಲ್ಲಿ ಹಾಡಿದರೆ ದೇವರಿಗೆ ಸಿಟ್ಟು ಬಂದ ಹಾಗಿದೆ. ಎಂಟೂಂಬ್ಡ್‌ನಲ್ಲಿ ಎಲ್‌ಜಿ ಪೆಟ್ರೋವ್ ಹಾಡಿದರೆ ದೇವರು ನಾಲ್ಕು ಬಿಯರ್ ಕುಡಿದು ಜಾತ್ರೆಗೆ ಬಂದ ಹಾಗೆ. ನನಗೆ ಎರಡನೆಯದೇ ಇಷ್ಟ. ಪೆಟ್ರೋವ್ 2021ರಲ್ಲಿ ತೀರಿಕೊಂಡರು. ಅವತ್ತು ರಾತ್ರಿ ಇದನ್ನೇ ಹಾಕಿಕೊಂಡು ಕೂತಿದ್ದೆ.

ಕೊಳ್ಳಬೇಕಾ? ಮೂರು ಹಾಡಿಗೆ ಹೊರದೇಶದಿಂದ ತರಿಸಿದರೆ ಡಿಸ್ಕಿಗಿಂತ ಅಂಚೆ ಖರ್ಚು, ಸುಂಕವೇ ಜಾಸ್ತಿ ಆಗುತ್ತೆ, ನಾನು ಒಮ್ಮೆ ಬೇರೆ ಯಾವುದಕ್ಕೋ ಹಾಗೆ ಕೈ ಸುಟ್ಟುಕೊಂಡಿದ್ದೇನೆ. ಆನ್‌ಲೈನಲ್ಲಿ ಕೇಳಿ. ಸಾಕು.

ಸ್ವೀಡನ್ನಿನದೇ ಇನ್ನೊಂದು, ಎಡ್ಜ್ ಆಫ್ ಸ್ಯಾನಿಟಿಯ 1994ರ 'ಅಂಟಿಲ್ ಎಟರ್ನಿಟಿ ಎಂಡ್ಸ್'. ನಾಲ್ಕು ಹಾಡು, ಶ್ರೀರಂಗಪಟ್ಟಣದ ಹೊತ್ತಿಗೆ ಮುಗಿಯುತ್ತೆ. ಮೂರು ಸ್ವಂತದ್ದು, ಒಂದು ಕವರ್. ಆ ಒಂದು ಯಾರದ್ದು ಅಂದುಕೊಂಡಿರಿ? ದಿ ಪೊಲೀಸ್! ಸ್ಟಿಂಗ್ ಅವರ ಪಾಪ್ ಬ್ಯಾಂಡ್. ಹಾಡು 'ಇನ್‌ವಿಸಿಬಲ್ ಸನ್', 1981ರದ್ದು. ಉತ್ತರ ಐರ್ಲೆಂಡಿನಲ್ಲಿ ಬಾಂಬು, ಬಂದೂಕು, ಉಪವಾಸ ಸತ್ಯಾಗ್ರಹ ಎಲ್ಲ ನಡೆಯುತ್ತಿದ್ದ ಕಾಲದ ಹಾಡು. ಮೂಲದಲ್ಲೇ ಅದು ಮಂಕು ಬೆಳಕಿನ ಹಾಡು, ಬ್ಯಾಂಡಿನ ಗಾಯಕ ಡಾನ್ ಸ್ವಾನೋ ಅದನ್ನು ಗುರುಗುಟ್ಟದೆ ನೇರ ದನಿಯಲ್ಲಿ ಹಾಡುತ್ತಾರೆ. ಹಿಂದಿನ ಮೂರು ಹಾಡಿನಲ್ಲಿ ಗಂಟಲು ಹರಿದುಕೊಂಡ ಮನುಷ್ಯ ಇಲ್ಲಿ ಗಂಟಲು ಸರಿಮಾಡಿಕೊಂಡು ನಿಂತು ಹಾಡಿದರೆ ಸ್ವಲ್ಪ ಹೊತ್ತು ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಊರ ನಾಟಕದಲ್ಲಿ ಇಡೀ ರಾತ್ರಿ ಅಬ್ಬರಿಸಿದ ಭೀಮ ಬೆಳಗಿನ ಜಾವ ಪರದೆ ಹಿಂದೆ ಮೆಲ್ಲಗೆ ಒಂದು ದೇವರನಾಮ ಗುನುಗುವುದನ್ನು ಕೇಳಿದ್ದೀರಾ? ಹಾಗೆ.

ಇದು ದೂರದ ಕವರ್. ತಮ್ಮ ಕೇರಿಯದಲ್ಲ, ಬೇರೆ ಕೇರಿಯ ಹಾಡು. ಪೊಸೆಸ್ಡ್, ರಿಪಲ್ಶನ್ ಇವರದ್ದನ್ನು ಡೆತ್ ಮೆಟಲ್ ಬ್ಯಾಂಡು ಹಾಡಿದರೆ ಅದು ಹತ್ತಿರದ ಕವರ್, ಹೆಚ್ಚೆಂದರೆ ಚೆನ್ನಾಗಿರುತ್ತೆ, ಕೆಟ್ಟರೂ ಜಾಸ್ತಿ ಕೆಡಲ್ಲ. ದೂರದ್ದು ಹಾಗಲ್ಲ. ಬಿದ್ದರೆ ಹಲ್ಲು ಮುರಿಯುತ್ತೆ. ನಿಂತರೆ ಆ ಬ್ಯಾಂಡಿನ ಒಳಗೆ ಏನಿದೆ ಅಂತ ಸ್ವಂತ ಹಾಡಿಗಿಂತ ಚೆನ್ನಾಗಿ ತಿಳಿಯುತ್ತೆ. ಎರಡು ವರ್ಷ ಆದಮೇಲೆ ಇದೇ ಸ್ವಾನೋ 'ಕ್ರಿಮ್ಸನ್' ಅಂತ ನಲವತ್ತು ನಿಮಿಷದ ಒಂದೇ ಹಾಡಿನ ಆಲ್ಬಮ್ ತಂದರು. ಆ ಧೈರ್ಯದ ಮೊಳಕೆ ಈ ಪೊಲೀಸ್ ಹಾಡಿನಲ್ಲೇ ಕಾಣುತ್ತೆ ಅನ್ನುವುದು ನನ್ನ ನಂಬಿಕೆ. ಮಾಧುರ್ಯ ಬೇಕು, ಬರೀ ಅರಚಾಟ ಆಗಲ್ಲ ಅನ್ನುವವರಿಗೆ ಇದೇ ಮೊದಲ ಆಯ್ಕೆ, ಎರಡು ಮಾತಿಲ್ಲ.

ಪೋಲೆಂಡಿನ ವೇಡರ್ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತೆ. ಓಲ್ಶ್‌ಟಿನ್ ಅನ್ನುವ ಊರಿನಲ್ಲಿ 1983ರಲ್ಲಿ ಶುರುವಾದ ಬ್ಯಾಂಡ್, ಆಗಿನ್ನೂ ಅಲ್ಲಿ ಕಮ್ಯುನಿಸ್ಟ್ ಆಡಳಿತ. ಇವರಿಗೆ ಕವರ್ ಹಾಡುವುದು ಒಂದು ಚಟ. 1994ರ ಇಪಿ 'ಸೋಥಿಸ್' ಮುಗಿಯುವುದು 'ಬ್ಲ್ಯಾಕ್ ಸಬ್ಬತ್' ಹಾಡಿನಿಂದ, ಅಂದರೆ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಅದೇ ಹೆಸರಿನ ಮೊದಲ ಆಲ್ಬಮ್‌ನ ಅದೇ ಹೆಸರಿನ ಮೊದಲ ಹಾಡು, 1970ರದ್ದು.

ಈ ಹಾಡನ್ನು ಮೈಸೂರಿನವರಿಗೆ ವಿವರಿಸುವುದು ಬಲು ಸುಲಭ. ಮುಖ್ಯ ರಿಫ್ಫಿನಲ್ಲಿ ಮೂರೇ ಸ್ವರ. ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ಬರುವ ಅದೇ ಪ್ರತಿಮಧ್ಯಮ. ಅಲ್ಲಿ ಪಂಚಮಕ್ಕೆ ಹೋಗಿ ಕೂರುತ್ತೆ, ಮಂಗಳಕರ ಅನ್ನಿಸುತ್ತೆ. ಇಲ್ಲಿ ಪಂಚಮವೇ ಬರಲ್ಲ. ಸ್ವರ ಅಲ್ಲೇ ನೇತಾಡುತ್ತೆ, ನಡುಗುತ್ತೆ. ಅದೇ ಭಯ. ನಮ್ಮ ಬೀದಿಯಲ್ಲಿ ವೀಣೆ ಕಲಿಯುವ ಹುಡುಗಿಯೊಬ್ಬಳಿಗೆ ಒಮ್ಮೆ ಇದನ್ನು ಹೇಳಿದ್ದಕ್ಕೆ ತಕ್ಷಣ ತಂತಿ ಮೀಟಿ ತೋರಿಸಿಬಿಟ್ಟಳು, ಕೊನೆಗೆ ಒಂದು ಗಮಕ ಬೇರೆ ಹಾಕಿದಳು. ಅದೇ ನಾನು ಕೇಳಿದ ಅತ್ಯುತ್ತಮ ಕವರ್ ಇರಬಹುದು. ಗಿಟಾರ್ ನುಡಿಸಿದ ಟೋನಿ ಅಯೋಮಿ ಹದಿಹರೆಯದಲ್ಲಿ ಕಾರ್ಖಾನೆ ಮಿಷನ್ನಿಗೆ ಎರಡು ಬೆರಳ ತುದಿ ಕಳೆದುಕೊಂಡವರು, ಪ್ಲಾಸ್ಟಿಕ್ ಕರಗಿಸಿ ತಾವೇ ತುದಿ ಮಾಡಿಕೊಂಡು ನುಡಿಸಿದರು. ಇಡೀ ಹೆವಿ ಮೆಟಲ್ ಹುಟ್ಟಿದ್ದು ಆ ಬೆರಳಿನಿಂದ.

ವೇಡರ್‌ನವರು ಮೂಲದ ನಡಿಗೆ ಬಿಟ್ಟಿಲ್ಲ. ದನಿ ಮಾತ್ರ ತಮ್ಮ ಗಾಯಕ ಪೀಟರ್ ವಿವ್‌ಚಾರೆಕ್ ಅವರದ್ದು. ಹಿಂದಿನ ಹಾಡುಗಳಲ್ಲಿ ಹೆಚ್ಚಿನವು ಬೆಂಕಿಪೊಟ್ಟಣಕ್ಕೆ ಕಡ್ಡಿ ಗೀರಿದಷ್ಟು ವೇಗ, ಕೊನೆಗೆ ಇದು ಬಂದಾಗ ರೈಲು ಕಾವೇರಿ ಸೇತುವೆ ಮೇಲೆ ನಿಧಾನ ಮಾಡಿದ ಹಾಗೆ ಆಗುತ್ತೆ. ಡಿಸ್ಕಿನಲ್ಲಿ ಕವರ್ ಎಲ್ಲಿ ಇಡಬೇಕು ಅನ್ನುವುದೂ ಒಂದು ಕಲೆ ಅಲ್ವಾ?

ಇವರದ್ದೇ 1996ರ 'ಫ್ಯೂಚರ್ ಆಫ್ ದ ಪಾಸ್ಟ್' ಪೂರ್ತಿ ಕವರ್‌ಗಳ ಆಲ್ಬಮ್. ಸ್ಲೇಯರ್, ಸೋಡಮ್, ಕ್ರಿಯೇಟರ್, ಸೆಲ್ಟಿಕ್ ಫ್ರಾಸ್ಟ್, ಟೆರರೈಸರ್, ಎಲ್ಲ ಮನೆಯವರೇ. ನಡುವೆ ಡೆಪೆಷ್ ಮೋಡ್‌ನ ಒಂದು ಹಾಡು! ಇದು ಇಪಿ ಅಲ್ಲ, ಆದರೂ ಪಾಠಪುಸ್ತಕ ಬೇಕು ಅನ್ನುವವರಿಗೆ ಒಳ್ಳೇದು. ಹೊಸದೇ ಬೇಕು ಅಂದರೆ 2019ರ ಇಪಿ 'ದೈ ಮೆಸೆಂಜರ್' ಇದೆ, ಅದರಲ್ಲಿ ಜೂಡಸ್ ಪ್ರೀಸ್ಟ್‌ನ 'ಸ್ಟೀಲರ್'. ಚುರುಕಾಗಿದೆ. ಆದರೆ ಹತ್ತಿರದ ಕವರ್, ಹೆಚ್ಚು ಹೇಳೋಕೆ ಏನಿಲ್ಲ.

ಬರ್ಮಿಂಗ್‌ಹ್ಯಾಮ್‌ನ ನೇಪಾಮ್ ಡೆತ್ 1999ರಲ್ಲಿ ತಂದ 'ಲೀಡರ್ಸ್ ನಾಟ್ ಫಾಲೋವರ್ಸ್' ಪೂರ್ತಿ ಕವರ್‌ಗಳ ಇಪಿ. ಆರು ಹಾಡು, ಹೆಚ್ಚು ಕಡಿಮೆ ಕಾಲು ಗಂಟೆ. ಇವರು ಗ್ರೈಂಡ್‌ಕೋರ್ ಕಡೆಯವರು, ಅಂದರೆ ಚುಟುಕಾದ, ಇನ್ನೂ ವೇಗದ ಹಾಡಿನವರು, ಒಂದೂಕಾಲು ಸೆಕೆಂಡಿನ ಹಾಡು ಮಾಡಿ ದಾಖಲೆ ಬರೆದವರು, ಅವರಿಗೆ ಕಾಲು ಗಂಟೆ ಅಂದರೆ ಮಹಾಕಾವ್ಯ. ಇದರಲ್ಲಿ ರಿಪಲ್ಶನ್ ಇದೆ, ಇಟಲಿಯ ರಾ ಪವರ್ ಇದೆ, ಚಿಲಿ ದೇಶದ ಪೆಂಟಾಗ್ರಾಮ್ ಇದೆ, ಡೆಡ್ ಕೆನಡೀಸ್‌ನವರ ನಾಜಿ ವಿರೋಧಿ ಹಾಡು ಇದೆ. ನಮಗೆ ಕಲಿಸಿದವರು ಇವರು ಅಂತ ಪಟ್ಟಿ ಕೊಟ್ಟ ಹಾಗಿದೆ. ಒಂದೊಂದೇ ಮೂಲ ಹುಡುಕಿಕೊಂಡು ಹೋದರೆ ಒಂದು ತಿಂಗಳು ಕೆಲಸ. ಆದರೆ ಮೊದಲ ಡಿಸ್ಕು ಮಾಡಿಕೊಳ್ಳಬೇಡಿ. ಮೂಲ ಗೊತ್ತಿಲ್ಲದವರಿಗೆ ಆರೂ ಒಂದೇ ಹಾಡಿನಂತೆ ಕೇಳಿಸುತ್ತೆ, ನನಗೂ ಮೊದಲು ಹಾಗೇ ಆಗಿತ್ತು.

ಬಿಟ್ಟುಬಿಡಬಹುದಾದದ್ದು ಯಾವುದು ಅಂತ ಕೇಳಿದರೆ, ಸಿಕ್ಸ್ ಫೀಟ್ ಅಂಡರ್‌ನ 'ಗ್ರೇವ್‌ಯಾರ್ಡ್ ಕ್ಲಾಸಿಕ್ಸ್' ಸಾಲು. ಕ್ಯಾನಿಬಲ್ ಕಾರ್ಪ್ಸ್‌ನಿಂದ ಹೊರಬಿದ್ದ ಅದೇ ಬಾರ್ನ್ಸ್ ಅವರ ಬ್ಯಾಂಡ್. 2000ದಲ್ಲಿ ಬಂದ ಮೊದಲನೆಯದರಲ್ಲಿ ಡೀಪ್ ಪರ್ಪಲ್, ಎಸಿಡಿಸಿ, ಜಿಮಿ ಹೆಂಡ್ರಿಕ್ಸ್ ಎಲ್ಲ ಇದ್ದಾರೆ. ತಮಾಷೆಗೆ ಒಂದು ಸಲ ಕೇಳಬಹುದು. 2004ರ ಎರಡನೆಯದರಲ್ಲಿ ಎಸಿಡಿಸಿಯ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದ್ದಾರೆ. ಸ್ವಾಮಿ, ಯಾಕೆ? 'ಜೀರೋ ದ ಹೀರೋ'ದಲ್ಲಿ ಅಷ್ಟು ಚೆನ್ನಾಗಿ ಕೂತಿದ್ದ ದನಿ ಇಲ್ಲಿ ಯಾಕೆ ಕೂರಲ್ಲ ಅಂತ ಬಹಳ ಯೋಚಿಸಿದ್ದೇನೆ. ಸಬ್ಬತ್ ಹಾಡಿನಲ್ಲಿ ರಿಫ್ಫೇ ರಾಜ, ದನಿ ಸವಾರಿ ಮಾಡಿದರೆ ಸಾಕು. ಎಸಿಡಿಸಿ ಹಾಡಿನಲ್ಲಿ ಜನ ಜೊತೆಗೆ ಕೂಗುವುದು ಪಲ್ಲವಿ. ಪಲ್ಲವಿಯ ರಾಗ ತೆಗೆದುಬಿಟ್ಟು ಗುರುಗುಟ್ಟಿದರೆ ಒಗ್ಗರಣೆ ಇಲ್ಲದ ಬಸ್ಸಾರು. ಇಲ್ಲಿ ಬದಲಾದದ್ದು ದನಿ ಒಂದೇ, ಹಾಡನ್ನು ಯಾರೂ ಮುಟ್ಟಿಲ್ಲ, ಅದಕ್ಕೇ ಆರ್ಕೆಸ್ಟ್ರಾದ ಹತ್ತಿರವೂ ಬರಲಿಲ್ಲ, ನಾಟಕವೂ ಆಗಲಿಲ್ಲ.

ಇನ್ನು ಹೊಸ ಇಪಿ ಬಂದಾಗ ಏನು ನೋಡಬೇಕು? ನಾನು ಮೊದಲು ನೋಡುವುದು ಯಾರ ಹಾಡು, ಯಾವ ವರ್ಷದ್ದು. ಕೇಳುವ ಆ್ಯಪ್‌ನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಬರೆದವರ ಹೆಸರು ಬರುತ್ತೆ. ಎರಡೂ ಕವರ್ ಹತ್ತಿರದ್ದೇ ಆಗಿದ್ದರೆ ಆತುರ ಬೇಡ, ಸ್ವಂತ ಹಾಡು ಚೆನ್ನಾಗಿದ್ದರೆ ಮಾತ್ರ ದುಡ್ಡು. ಒಂದಾದರೂ ದೂರದ್ದಿದ್ದರೆ ಅದನ್ನೇ ಮೊದಲು ಕೇಳಿ, ಮೂಲ ಕೇಳಿದ ಮೇಲೆ ಕೇಳಿ, ಹಿಂದೆಮುಂದೆ ಮಾಡಬೇಡಿ. ಮತ್ತೆ, ಬ್ಯಾಂಡಿನ ಎಲ್ಲರಿಗೂ ಗೊತ್ತಿರುವ ಹಾಡೇ ಆರಿಸಿದ್ದಾರಾ, ಇಲ್ಲ ಮೂಲೆಯಲ್ಲಿ ಬಿದ್ದಿದ್ದನ್ನು ಎತ್ತಿದ್ದಾರಾ ಅಂತಲೂ ನೋಡಿ. 'ಬಾರ್ನ್ ಅಗೇನ್' ಆಲ್ಬಮ್ಮಿನ ಹಾಡು ಆರಿಸಿದವನು ಸಬ್ಬತ್ ಪೂರ್ತಿ ಕೇಳಿದವನು. ಎಲ್ಲರೂ ಹಾಡುವ ಹಾಡನ್ನೇ ಆರಿಸಿದವನು ಕೇಳಿರಬಹುದು, ಕೇಳದೆಯೂ ಇರಬಹುದು. ಇಷ್ಟವಾದರೆ ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟಿನಲ್ಲಿ ಫೈಲ್ ಕೊಂಡುಕೊಳ್ಳಿ, ಅಂಚೆ ಇಲ್ಲ, ಸುಂಕ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಹುಡುಗ "ವಸಿ ನಿಧಾನಕ್ಕೇಳಣ್ಣ, ಒಂದೇ ಒಂದು ಯೋಳು" ಅಂದ. ಒಂದೇ ಅಂದರೆ ಕ್ಯಾನಿಬಲ್ ಕಾರ್ಪ್ಸ್‌ನ 1993ರದ್ದು, ಮೂರನೇ ಹಾಡಿನಿಂದ ಶುರು ಮಾಡು ಅಂದೆ. ಅವನು ತೋರಿಸಿದ ಹೊಸ ಇಪಿಯ ಎರಡೂ ಕವರ್ ಹತ್ತಿರದವೇ, ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೋ ಅಂತಲೂ ಹೇಳಿದೆ.

ಸಂಜೆ ರೈಲಿಗೆ ಬಿಟ್ಟು ಬಂದೆ. ಪಾಂಡವಪುರ ದಾಟಿರಬೇಕು, ಮೆಸೇಜ್ ಬಂತು: "ಅಣ್ಣ ಮೂರ್ನೇದು ಎಲ್ಡು ಸಲ ಕೇಳ್ದೆ. ಸಬ್ಬತ್‌ದು ಮೂಲ ಕಳ್ಸು."

ಕಳಿಸಿದೆ. ಎಲಿಯೂರು ಬರುವಷ್ಟರಲ್ಲಿ ಇನ್ನೊಂದು: "ಇದ್ಯಾಕಣ್ಣ ಗೋಣಿಚೀಲದೊಳ್ಗೆ ಹಾಡ್ದಂಗೈತೆ."